ಅಂಕ, ಸ್ಥಾನ, ಶೂನ್ಯ

ಕಲಬುರಗಿಯ ಕೋಟೆಯೊಳಗೆ, ತೆರೆದ ಅಂಗಳವೊಂದೂ ಇಲ್ಲದೆ ಆದ್ಯಂತವೂ ಗುಮ್ಮಟಗಳ ನೆರಳಿನಲ್ಲಿ ನಿಂತಿರುವ ಜಾಮಿ ಮಸೀದಿಯು ಹಿಜರಿ 769ರಲ್ಲಿ, ಎಂದರೆ ಕ್ರಿಸ್ತಶಕ 1367ರಲ್ಲಿ, ಕಟ್ಟಲ್ಪಟ್ಟಿತೆಂಬುದಕ್ಕೆ ಶಾಸನಪ್ರಮಾಣವುಂಟು. ಏಳು, ಆರು, ಒಂಬತ್ತು ಎಂಬ ಮೂರು ಚಿಹ್ನೆಗಳಿಂದ ನಾವು ಕ್ಷಣಮಾತ್ರದಲ್ಲಿ ಬರೆದು ಮುಗಿಸುವ ಆ ವರ್ಷವನ್ನು ರೋಮನ್ನರ ಪದ್ಧತಿಯಲ್ಲಿ ಬರೆಯಹೊರಟವನು ಡಿ, ಸಿ, ಸಿ, ಎಲ್, ಎಕ್ಸ್, ಐ, ಎಕ್ಸ್ ಎಂಬ ಏಳು ಅಕ್ಷರಗಳನ್ನು ಸಾಲಾಗಿ ನಿಲ್ಲಿಸಬೇಕಾಗುತ್ತದೆ. 1367ಕ್ಕಾದರೋ ಎಂ, ಸಿ, ಸಿ, ಸಿ, ಎಲ್, ಎಕ್ಸ್, ವಿ, ಐ, ಐ ಎಂಬ ಒಂಬತ್ತು ಅಕ್ಷರಗಳು ಬೇಕು. ಬರಹದ ಉದ್ದಗಿಡ್ಡಗಳು ಲಿಪಿಕಾರನ ಶ್ರಮಕ್ಕೆ ಸಂಬಂಧಪಟ್ಟ ಮಾತಾದುದರಿಂದ ಅದನ್ನು ಇಲ್ಲಿ ಬಿಡೋಣ. ಈ ಎರಡು ಬರಹಗಳ ಹಿಂದೆ, ಬೆಲೆಯೆಂಬುದು ವಸ್ತುವಿನಲ್ಲಿಯೇ ನೆಲಸಿರುವುದೋ, ಇಲ್ಲವೆ ಅದು ನಿಂತ ಸ್ಥಾನದಿಂದ ಅದಕ್ಕೆ ಒದಗಿಬರುವುದೋ ಎಂಬ, ಗಣಿತಕ್ಕಿಂತಲೂ ಧರ್ಮಕ್ಕೆ ಹೆಚ್ಚು ಸಮೀಪವಾದ ಪ್ರಶ್ನೆಯೊಂದು ಅಡಗಿದೆ. ಆ ಪ್ರಶ್ನೆಯನ್ನು ಮಳಖೇಡದಿಂದ ಕಲ್ಯಾಣದವರೆಗಿನ ಈ ನೆಲವು ಶತಮಾನಗಳಿಂದ ಬಗೆಬಗೆಯಾಗಿ ಎದುರಿಸುತ್ತಲೇ ಬಂದಿದೆ.

ಮೊದಲು ಪದ್ಧತಿಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ರೋಮನ್ ಸಂಖ್ಯೆಗಳಿಗೆ ಏಳೇ ಅಕ್ಷರಗಳು: ಐ ಎಂದರೆ 1, ವಿ ಎಂದರೆ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ದೊಡ್ಡದು ಎಡಕ್ಕೂ ಚಿಕ್ಕದು ಬಲಕ್ಕೂ ಬರುವಂತೆ ಇವನ್ನು ಬರೆದು ಎಲ್ಲವನ್ನೂ ಕೂಡಿಸಿದರೆ ಸಂಖ್ಯೆ ಸಿದ್ಧವಾಗುತ್ತದೆ. ಐ, ಎಕ್ಸ್, ಸಿ, ಎಂ ಎಂಬ ನಾಲ್ಕನ್ನು ಒತ್ತಾಗಿ ಮೂರು ಸಲದವರೆಗೆ ಬರೆಯಬಹುದು. ವಿ, ಎಲ್, ಡಿ ಎಂಬ ಮೂರನ್ನು ಒಮ್ಮೆಗಿಂತ ಹೆಚ್ಚು ಬರೆಯುವಂತಿಲ್ಲ. ನಾಲ್ಕನೆಯ ಸಲ ಬೇಕಾದೆಡೆಯಲ್ಲಿ ಕೂಡುವುದನ್ನು ಬಿಟ್ಟು ಕಳೆಯುವ ಮಾರ್ಗವನ್ನು ಹಿಡಿಯಬೇಕು: ಐದರ ಎಡಕ್ಕೆ ಒಂದನ್ನಿಟ್ಟರೆ ನಾಲ್ಕು, ಹತ್ತರ ಎಡಕ್ಕೆ ಒಂದನ್ನಿಟ್ಟರೆ ಒಂಬತ್ತು, ಐವತ್ತರ ಎಡಕ್ಕೆ ಹತ್ತನ್ನಿಟ್ಟರೆ ನಲವತ್ತು, ನೂರರ ಎಡಕ್ಕೆ ಹತ್ತನ್ನಿಟ್ಟರೆ ತೊಂಬತ್ತು, ಐನೂರು ಸಾವಿರಗಳ ಎಡಕ್ಕೆ ನೂರನ್ನಿಟ್ಟರೆ ನಾನೂರು, ಒಂಬೈನೂರು. ಈ ಮಾರ್ಗದಲ್ಲಿಯೂ ಸ್ವಾತಂತ್ರ್ಯವಿಲ್ಲ. ತೊಂಬತ್ತೊಂಬತ್ತನ್ನು ಬರೆಯಲು ನೂರರ ಎಡಕ್ಕೆ ಒಂದನ್ನು ನಿಲ್ಲಿಸಿದರೆ ಸಾಕಲ್ಲವೇ ಎಂದು ಯಾರಾದರೂ ಕೇಳಿಯಾರು. ಆದರೆ ಐ ಎಂಬುದು ವಿ ಮತ್ತು ಎಕ್ಸ್‌ಗಳ ಎಡಕ್ಕೆ ಮಾತ್ರ, ಎಕ್ಸ್ ಎಂಬುದು ಎಲ್ ಮತ್ತು ಸಿಗಳ ಎಡಕ್ಕೆ ಮಾತ್ರ, ಸಿ ಎಂಬುದು ಡಿ ಮತ್ತು ಎಂಗಳ ಎಡಕ್ಕೆ ಮಾತ್ರ ನಿಲ್ಲಬಹುದೆಂದು ಕಟ್ಟಳೆಯಿರುವುದರಿಂದ, ತೊಂಬತ್ತನ್ನು ಬೇರೆಯಾಗಿಯೂ ಒಂಬತ್ತನ್ನು ಬೇರೆಯಾಗಿಯೂ ಬರೆದು ಎಕ್ಸ್, ಸಿ, ಐ, ಎಕ್ಸ್ ಎಂದೇ ಮುಗಿಸಬೇಕು. ಹೀಗೆ ಮುಂದುವರಿದರೆ 3999ರ ತನಕ ಬರೆಯಬಹುದು. ಅದನ್ನು ಮೀರಿದರೆ ಅಕ್ಷರದ ತಲೆಯ ಮೇಲೆ ಗೆರೆಯೆಳೆದು ಸಾವಿರ ಪಟ್ಟೆಂದು ಸೂಚಿಸುವ ರೂಢಿಯುಂಟು.

ಪ್ರಾಚೀನ ರೋಮನ್ನರೇ ಈ ಕಳೆಯುವ ಕಟ್ಟಳೆಯನ್ನು ಬಿಗಿಯಾಗಿ ಪಾಲಿಸುತ್ತಿದ್ದರೆಂದು ತಿಳಿಯಬಾರದು. ರೋಮಿನ ಕೊಲೋಸಿಯಮ್ ಎಂಬ ಮಹಾರಂಗದ ದ್ವಾರಸಂಖ್ಯೆಗಳಲ್ಲಿ ನಾಲ್ಕನ್ನು ನಾಲ್ಕು ಗೀಟುಗಳಿಂದಲೇ ಕೆತ್ತಿರುವುದನ್ನು ಕಾಣಬಹುದು; ಹಳೆಯ ಗೋಡೆಗಡಿಯಾರಗಳ ಮುಖದ ಮೇಲೆಯೂ ನಾಲ್ಕು ಗಂಟೆಗೆ ಸಾಮಾನ್ಯವಾಗಿ ನಾಲ್ಕು ಗೀಟುಗಳೇ ಇರುತ್ತವೆ. ಕಟ್ಟಳೆಯು ಇಂದಿನ ಬಿಗುವನ್ನು ಪಡೆದದ್ದು ಕಾಲಾಂತರದಲ್ಲಿ. ಹಾಗಿದ್ದರೂ, ಪಾಠಶಾಲೆಯಲ್ಲಿ ಇಂದು ಕಲಿಸಲ್ಪಡುವ ರೂಪವನ್ನು ಎದುರಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು ನೋಡಿದವನಿಗೆ ಆ ಏಳು ಅಕ್ಷರಗಳಲ್ಲಿ ಒಂದು ಸಮಾಜವೇ ಗೋಚರಿಸುತ್ತದೆ. ಪ್ರತಿಯೊಂದು ಅಕ್ಷರವೂ ತನ್ನ ಬೆಲೆಯನ್ನು ಹುಟ್ಟುವಾಗಲೇ ಪಡೆದುಬಂದಿದೆ. ನೂರು ಎಲ್ಲಿ ನಿಂತರೂ ನೂರೇ. ಒಂದು ಎಲ್ಲಿ ನಿಂತರೂ ಒಂದೇ. ಕಿರಿದು ಹಿರಿದರ ಹಿಂದೆ ವಿನಯದಿಂದ ನಿಂತರೆ ಅದರ ಘನತೆ ತುಸು ಹೆಚ್ಚುತ್ತದೆ. ಅದೇ ಕಿರಿದು ಹಿರಿದಕ್ಕಿಂತ ಮೊದಲು ಬಂದು ನಿಂತರೆ ಹಿರಿದರ ಬೆಲೆಯೇ ಕುಂದುತ್ತದೆ. ಬಹು ಕಿರಿದಾದದ್ದು ಬಹು ಹಿರಿದಾದುದರ ಎದುರಿಗೆ ಬರುವಂತೆಯೇ ಇಲ್ಲ. ಇಂತಹ ವ್ಯವಸ್ಥೆಯನ್ನು ನಮ್ಮ ನಾಡಿನವರು ಪುಸ್ತಕದಲ್ಲಿ ಓದಿ ತಿಳಿಯಬೇಕಾದುದಿಲ್ಲ. ಊರಿನ ಬಾವಿಕಟ್ಟೆಯಲ್ಲಿಯೂ ಗುಡಿಯ ಹೊಸ್ತಿಲಿನಲ್ಲಿಯೂ ಇದನ್ನೇ ಕಂಡು ಬೆಳೆದಿದ್ದೇವೆ.

ಈ ರೀತಿಯ ಗಣನೆಯು ಪರದೇಶದ ಸ್ವತ್ತೆಂದು ಭಾವಿಸುವುದೂ ಸರಿಯಲ್ಲ. ತೊಗರಿಯ ಸುಗ್ಗಿಯ ಕಾಲದಲ್ಲಿ ಕಲಬುರಗಿಯ ಗಂಜಿನ ಅಡತ್ ಅಂಗಡಿಯ ಮುಂದೆ ಹಮಾಲರು ಚೀಲಗಳನ್ನು ಇಳಿಸುತ್ತಿರುವಾಗ, ಎಣಿಸುವವನು ನಾಲ್ಕು ಗೀಟುಗಳನ್ನು ನಿಲ್ಲಿಸಿ ಐದನೆಯದನ್ನು ಅಡ್ಡಲಾಗಿ ಎಳೆಯುತ್ತಾನಷ್ಟೆ. ರೋಮನ್ನರ ಐ, ವಿ, ಎಕ್ಸ್‌ಗಳು ಕೂಡ ಕೋಲಿನ ಮೇಲೆ ಕೊರೆದ ಇಂತಹ ಗೀಟುಗಳಿಂದಲೇ ಹುಟ್ಟಿದವೆಂದು ವಿದ್ವಾಂಸರು ಬಗೆಯುತ್ತಾರೆ. ಅಶೋಕನ ಶಾಸನಗಳು ದೊರೆತ, ಮಹಾಸ್ತೂಪದ ಅವಶೇಷಗಳು ಮಣ್ಣಿನಿಂದ ಮೇಲೆದ್ದು ಬಂದ ಭೀಮಾತೀರದ ಸನ್ನತಿ-ಕನಗನಹಳ್ಳಿಗಳ ಪ್ರದೇಶದಲ್ಲಿ ಶಾತವಾಹನರ ಕಾಲಕ್ಕೆ ಪ್ರಚಾರದಲ್ಲಿದ್ದ ಬ್ರಾಹ್ಮೀ ಲಿಪಿಯ ಅಂಕಗಳಿಗೂ ಶೂನ್ಯವಿರಲಿಲ್ಲ. ಹತ್ತಕ್ಕೊಂದು, ಇಪ್ಪತ್ತಕ್ಕೊಂದು, ನೂರಕ್ಕೊಂದು ಎಂದು ಬೇರೆ ಬೇರೆ ಚಿಹ್ನೆಗಳಿದ್ದು, ಹದಿನಾರನ್ನು ಬರೆಯಬೇಕಾದವನು ಹತ್ತರ ಚಿಹ್ನೆಯ ಪಕ್ಕದಲ್ಲಿ ಆರರ ಚಿಹ್ನೆಯನ್ನಿಟ್ಟು ಸುಮ್ಮನಾಗುತ್ತಿದ್ದನು. ಅಂದಿನ ಕನ್ನಡನಾಡಿಗೆ ರೋಮಿನ ನಾಣ್ಯಗಳು ಬರುತ್ತಿದ್ದುವೆಂಬುದಕ್ಕೆ ಚಂದ್ರವಳ್ಳಿಯ ಉತ್ಖನನವು ಸಾಕ್ಷಿಯಾಗಿದೆ. ಆ ನಾಣ್ಯಗಳನ್ನು ಮುದ್ರಿಸಿದ ರೋಮಿನವನೂ ಅವನ್ನು ಕೈಯಲ್ಲಿ ಹಿಡಿದ ಇಲ್ಲಿಯ ವರ್ತಕನೂ, ಲಿಪಿ ಬೇರೆಯಾಗಿದ್ದರೂ, ಎಣಿಕೆಯನ್ನು ಬರೆದಿಡುವ ಬಗೆಯಲ್ಲಿ ಒಂದೇ ಮನೆಯವರಾಗಿದ್ದರು.

ಅಕ್ಷರಕ್ಕೆ ಬೆಲೆ ಕಟ್ಟುವ ಈ ಕ್ರಮವು ತನ್ನ ಅತ್ಯಂತ ಸುಂದರವಾದ ರೂಪವನ್ನು ಕಲಬುರಗಿಯಲ್ಲಿ ತಾಳಿರುವುದು ಹಜರತ್ ಖ್ವಾಜಾ ಬಂದೇನವಾಜರ ಸ್ಮರಣೆಯಲ್ಲಿ. ದಿಲ್ಲಿಯ ಚಿಸ್ತಿ ಸಂತ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದ ಇವರು ತೈಮೂರನ ದಂಡಯಾತ್ರೆಯ ಕಾಲದಲ್ಲಿ ದಿಲ್ಲಿಯನ್ನು ತೊರೆದು, ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ ಇಲ್ಲಿಗೆ ಬಂದು ನೆಲಸಿ, ಹಿಜರಿ 825ರಲ್ಲಿ, ಎಂದರೆ ಕ್ರಿಸ್ತಶಕ 1422ರಲ್ಲಿ, ದೇಹವನ್ನು ಬಿಟ್ಟರು. ಅರಬ್ಬೀ ಅಕ್ಷರಗಳಿಗೆ ಅಬ್ಜದ್ ಎಂಬ ಕ್ರಮದಲ್ಲಿ ಅಲಿಫಿಗೆ 1, ಯೇಗೆ 10, ನೂನಿಗೆ 50 ಎಂಬಂತೆ ಸಂಖ್ಯೆಗಳು ನಿಯತವಾಗಿವೆ. ಮಹಾಪುರುಷರ ಜನನಮರಣಗಳ ವರ್ಷವನ್ನು ಈ ಬೆಲೆಗಳ ಮೂಲಕ ಒಂದು ಅರ್ಥಪೂರ್ಣವಾದ ನುಡಿಯಲ್ಲಿ ಹುದುಗಿಸುವುದು ಪಾರಸಿ ಕವಿಗಳಿಗೆ ಪ್ರಿಯವಾದ ವಿದ್ಯೆ. ಬಂದೇನವಾಜರ ವಿಷಯದಲ್ಲಿ ಆ ನುಡಿಯು ‘ಮಖ್ದೂಮೆ ದೀನೋ ದುನಿಯಾ’ ಎಂಬುದಾಗಿದೆ. ಧರ್ಮಕ್ಕೂ ಲೋಕಕ್ಕೂ ಒಡೆಯರಾದವರು ಎಂದು ಅದರ ಭಾವ. ಮಖ್ದೂಮಿನಲ್ಲಿ ಮೀಮ್ 40, ಖೇ 600, ದಾಲ್ 4, ವಾವ್ 6, ಮತ್ತೆ ಮೀಮ್ 40 ಸೇರಿ 690, ದೀನಿನಲ್ಲಿ 4, 10, 50 ಸೇರಿ 64, ನಡುವೆ ಬೆಸೆಯುವ ವಾವ್ 6, ದುನಿಯಾದಲ್ಲಿ 4, 50, 10, 1 ಸೇರಿ 65, ಒಟ್ಟು 825. ಸಂತನ ಗುಣವನ್ನು ಹೇಳುವ ನುಡಿಯೇ ಅವರ ಕಾಲವನ್ನೂ ಹೇಳುತ್ತದೆ. ಇಂತಹದೊಂದು ಪ್ರೇಮಪೂರ್ವಕವಾದ ಕೌಶಲವು ಸಂಖ್ಯೆಯು ಅಕ್ಷರದಲ್ಲಿಯೇ ನೆಲಸಿರುವ ಪದ್ಧತಿಯಲ್ಲಿ ಮಾತ್ರ ಸಾಧ್ಯ. ಸ್ಥಾನವನ್ನು ನಂಬಿದ ಅಂಕಗಳು ಎಷ್ಟು ಬಲ್ಲಿದವಾದರೂ ತಾವಾಗಿಯೇ ಮಾತನಾಡಲಾರವು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಬ್ಜದಿನಲ್ಲಿ ಅಕ್ಷರಗಳ ಬೆಲೆ ನಿಯತವಾಗಿದ್ದರೂ ರೋಮನ್ ಪದ್ಧತಿಯ ಮರ್ಯಾದಾಕ್ರಮವಿಲ್ಲ; ಮೊದಲು ಬಂದ ಕಿರಿದು ಹಿರಿದರಿಂದ ಏನನ್ನೂ ಕಳೆಯುವುದಿಲ್ಲ. ಮೀಮು ಮೊದಲಲ್ಲಿರಲಿ ಕಡೆಯಲ್ಲಿರಲಿ ನಲವತ್ತನ್ನು ಕೊಟ್ಟು ಸುಮ್ಮನಾಗುತ್ತದೆ. ಎಲ್ಲರೂ ತಮ್ಮಲ್ಲಿದ್ದುದನ್ನು ಒಪ್ಪಿಸುತ್ತಾರೆ, ಮೊತ್ತವು ಎಲ್ಲರದೂ ಆಗುತ್ತದೆ. ಉರುಸಿನ ದಿನಗಳಲ್ಲಿ ದರ್ಗಾದ ಅಂಗಳಕ್ಕೆ ಮುಸಲ್ಮಾನರೂ ಹಿಂದೂಗಳೂ ಯಾರು ಮುಂದೆ ಯಾರು ಹಿಂದೆ ಎಂಬುದನ್ನೆಣಿಸದೆ ಬರುವುದನ್ನು ನೋಡಿದವರಿಗೆ ಈ ಮಾತು ಕೇವಲ ಲೆಕ್ಕದ ಮಾತೆಂದು ತೋರಲಾರದು.

ಸ್ವಂತ ಬೆಲೆಯ ಈ ಪದ್ಧತಿಯ ಪಕ್ಷವನ್ನು ವಹಿಸಿ ವಾದಿಸುವವನು ಹೀಗೆ ಹೇಳಬಹುದು: ‘ಮನುಷ್ಯನ ಬೆಲೆ ಮನುಷ್ಯನಲ್ಲಿಯೇ ಇರತಕ್ಕದ್ದು. ನಮ್ಮ ಅಂಕಗಳಲ್ಲಿ ಏಳು ಎಂಬುದು ಬಿಡಿಯ ಸ್ಥಾನದಲ್ಲಿ ಏಳಾಗಿದ್ದು, ನೂರರ ಸ್ಥಾನಕ್ಕೆ ಏರಿದೊಡನೆ ಏಳುನೂರಾಗುತ್ತದೆ. ಅದು ಪೀಠಪೂಜೆಯಲ್ಲವೇ? ಪೀಠವೇರಿದವನನ್ನು ಹಿರಿಯನೆಂದೂ ಕೆಳಗೆ ಕುಳಿತವನನ್ನು ಕಿರಿಯನೆಂದೂ ಎಣಿಸುವ ಲೋಕದ ಅನ್ಯಾಯವನ್ನೇ ನಿಮ್ಮ ಅಂಕಗಳು ಕಲಿಸುತ್ತಿಲ್ಲವೇ?’ ಈ ವಾದವು ದುರ್ಬಲವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಪ್ರತಿಭಟಿಸಿದ್ದು ಸ್ಥಾನದಿಂದ ಬರುವ ಹಿರಿಮೆಯನ್ನೇ ಎಂದು ಯಾರಾದರೂ ಹೇಳಿದರೆ ಮೇಲುನೋಟಕ್ಕೆ ಅದನ್ನು ಒಪ್ಪಬೇಕೆನಿಸುತ್ತದೆ.

ಆದರೆ ಶರಣರು ಪ್ರತಿಭಟಿಸಿದ್ದು ಸ್ಥಾನವನ್ನೋ, ಸ್ಥಾನಕ್ಕೂ ಹುಟ್ಟಿಗೂ ಹಾಕಿದ ಗಂಟನ್ನೋ ಎಂಬುದನ್ನು ವಿವೇಚಿಸಬೇಕು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದ ಮಧುವರಸನ ಮಗಳಿಗೂ ವಿವಾಹವಾಯಿತೆಂದೂ ಅದರ ಫಲವಾಗಿ ಆ ತಂದೆಯರಿಬ್ಬರೂ ರಾಜದಂಡನೆಗೆ ಗುರಿಯಾದರೆಂದೂ ಶರಣಪರಂಪರೆಯು ಹೇಳುತ್ತದೆ. ಅಲ್ಲಿ ದಂಡನೆಗೆ ಕಾರಣವಾದ ಅಪರಾಧವಾವುದು? ಒಂದು ಹುಟ್ಟಿನವನಿಗೆ ವಿಧಿಸಿದ ಎಡೆಯಲ್ಲಿ ಮತ್ತೊಂದು ಹುಟ್ಟಿನವನು ಬಂದು ನಿಂತದ್ದು. ಆ ದಂಡನೀತಿಗೆ ಹೊಂದುವ ಲಿಪಿಯೆಂದರೆ ಒಂದಾಗಿ ಹುಟ್ಟಿದ ಐ ಎಂದೆಂದಿಗೂ ಒಂದೇ ಆಗಿರಬೇಕೆನ್ನುವ, ಅದು ಸಿಯ ಎದುರಿಗೆ ಸುಳಿಯಲೂ ಬಾರದೆನ್ನುವ ಲಿಪಿ. ಸ್ಥಾನಮೌಲ್ಯದ ಗಣನೆಯಲ್ಲಿ ಹಾಗಿಲ್ಲ. ಬಿಡಿ, ಹತ್ತು, ನೂರು, ಸಾವಿರ ಎಂಬ ಸ್ಥಾನಗಳು ಯಾವ ಅಂಕದ ಪಿತ್ರಾರ್ಜಿತವೂ ಅಲ್ಲ. ಒಂದರಿಂದ ಒಂಬತ್ತರವರೆಗಿನ ಯಾವುದಾದರೂ ಯಾವ ಎಡೆಯಲ್ಲಾದರೂ ಕುಳ್ಳಿರಬಹುದು. ಇಂದು ಸಾವಿರದ ಎಡೆಯಲ್ಲಿದ್ದ ಒಂಬತ್ತು ನಾಳೆ ಬಿಡಿಯ ಎಡೆಗೆ ಬಂದರೆ ಅದರ ಆಕಾರಕ್ಕೆ ಕುಂದೇನೂ ಬರುವುದಿಲ್ಲ. ಅಲ್ಲದೆ, ಏಳುನೂರಾದ ಏಳು ಆ ಹಿರಿಮೆಯನ್ನು ತನ್ನದೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಬಲಗಡೆಯಲ್ಲಿ ಎರಡು ಎಡೆಗಳು ಇರುವುದರಿಂದಲೇ ಅದಕ್ಕೆ ಆ ಬೆಲೆ. ಹಿರಿಮೆಯು ನೆರೆಯವರಿಂದ ಬಂದದ್ದೆಂಬ ಅರಿವು ಯಾವ ಪದ್ಧತಿಯ ಒಳಗೇ ಸೇರಿದೆಯೋ ಆ ಪದ್ಧತಿಯನ್ನು ಪೀಠಪೂಜೆಯೆಂದು ಜರೆಯುವುದು ನ್ಯಾಯವಾಗಲಾರದೆಂದು ನನಗೆ ತೋರುತ್ತದೆ.

ಆ ನೆರೆಯ ಎಡೆಗಳಲ್ಲಿ ಕುಳಿತಿರುವುದು ಹಲವು ಸಲ ಶೂನ್ಯವೇ ಆಗಿರುತ್ತದೆ. ಇದನ್ನು ಕುರಿತು ನೆಮ್ಮದಿಯಿಂದ ಆಲೋಚಿಸಿದ ಒಬ್ಬ ಮಹಾನುಭಾವನು ಕಲಬುರಗಿಯ ಸೀಮೆಯ ನಂಟುಳ್ಳವನಾಗಿದ್ದನೆಂಬುದನ್ನು ಈ ಭಾಗದವರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಾಗಿದೆ. ಕಾಗಿಣಾ ನದಿಯ ದಡದ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನು ರಾಜ್ಯವಾಳುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿಸ್ತಶಕ 850ರ ಹೊತ್ತಿಗೆ, ಮಹಾವೀರಾಚಾರ್ಯನೆಂಬ ದಿಗಂಬರ ಜೈನ ಗಣಿತಜ್ಞನು ಆ ದೊರೆಯನ್ನು ಆದಿಯಲ್ಲಿ ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಸಂಪಾದಿಸಿ, 1912ರಲ್ಲಿ ಮದರಾಸಿನಿಂದ ಅದು ಪ್ರಕಟವಾದ ಮೇಲೆ ಲೋಕದ ವಿದ್ವಾಂಸರ ಕಣ್ಣು ಅದರ ಕಡೆಗೆ ತಿರುಗಿತು. ಏಕದಿಂದ ಮೊದಲಾಗಿ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಅವನು ಹೆಸರಿಸುತ್ತಾನೆ. ಯಾವ ಸಂಖ್ಯೆಯನ್ನಾದರೂ ಶೂನ್ಯದಿಂದ ಗುಣಿಸಿದರೆ ಶೂನ್ಯ. ಶೂನ್ಯವನ್ನು ಕೂಡಿದರೂ ಕಳೆದರೂ ಸಂಖ್ಯೆಯು ಅವಿಕಾರಿಯಾಗಿ ಉಳಿಯುತ್ತದೆ. ಶೂನ್ಯದಿಂದ ಭಾಗಿಸಿದರೂ ಅದು ಅವಿಕಾರಿಯೇ ಎಂಬುದು ಅವನ ಮತ.

ಈ ಕಡೆಯ ಮಾತನ್ನು ಇಂದಿನ ಗಣಿತವು ಒಪ್ಪುವುದಿಲ್ಲ. ಶೂನ್ಯದಿಂದ ಭಾಗಿಸುವುದು ಅರ್ಥಹೀನವೆಂದು ಅದು ಹೇಳುತ್ತದೆ. ಅವನಿಗಿಂತ ಸುಮಾರು ಮುನ್ನೂರು ವರ್ಷಗಳ ಅನಂತರ ಎರಡನೆಯ ಭಾಸ್ಕರಾಚಾರ್ಯನು ಅಂತಹ ಭಾಗಲಬ್ಧವನ್ನು ಅನಂತವೆಂದು ಬಗೆದು, ಎಷ್ಟು ಜೀವರಾಶಿ ತನ್ನಲ್ಲಿ ಲಯವಾದರೂ ಹೊರಬಂದರೂ ಮಾರ್ಪಾಡಾಗದ ಅಚ್ಯುತನಿಗೆ ಅದನ್ನು ಹೋಲಿಸಿದನು. ಮಹಾವೀರನು ಹೀಗೇಕೆ ಹೇಳಿರಬಹುದು? ಹಂಚಿಕೊಳ್ಳುವವರು ಯಾರೂ ಇಲ್ಲವಾದಲ್ಲಿ ಹಂಚುವ ಕ್ರಿಯೆಯೇ ನಡೆಯಲಿಲ್ಲ. ಕ್ರಿಯೆಯೇ ನಡೆಯದಿರುವಲ್ಲಿ ವಸ್ತುವಿಗೆ ವಿಕಾರವೆಲ್ಲಿಂದ ಬಂದೀತು ಎಂದು ಅವನು ತರ್ಕಿಸಿರಬಹುದೆಂದು ನಾನು ಊಹಿಸುತ್ತೇನೆ. ತರ್ಕವು ಗಣಿತಕ್ಕೆ ಸಾಲದಾಯಿತು, ನಿಜ. ಆದರೆ ಆ ಪ್ರಶ್ನೆಯನ್ನು ಕೇಳಬಲ್ಲ ಲಿಪಿಯು ಅವನ ಕೈಯಲ್ಲಿತ್ತು. ರೋಮನ್ ಅಕ್ಷರಗಳಲ್ಲಿ ಬರೆಯುತ್ತಿದ್ದ ಯಾವ ಪಂಡಿತನೂ ಆ ಪ್ರಶ್ನೆಯನ್ನು ಅಂಕಗಳಲ್ಲಿ ಬರೆದು ತೋರಿಸಲಾರನಾಗಿದ್ದನು.

ಶೂನ್ಯವನ್ನು ಆಕಾಶ, ಗಗನ, ಅಂಬರ ಎಂದು ಕರೆಯುವ ಸಂಪ್ರದಾಯವು ಭಾರತೀಯ ಗಣಿತಗ್ರಂಥಗಳಲ್ಲಿ ಸಾಮಾನ್ಯವಾದುದು, ಮಹಾವೀರನೂ ಅದನ್ನನುಸರಿಸಿದನು. ಆದರೆ ಜೈನನೊಬ್ಬನ ಮನಸ್ಸಿನಲ್ಲಿ ಆಕಾಶವು ಬರಿಯ ಬರಿದಲ್ಲ. ಜೀವ, ಪುದ್ಗಲ, ಧರ್ಮ, ಅಧರ್ಮ, ಕಾಲಗಳೊಡನೆ ಅದೂ ಒಂದು ದ್ರವ್ಯ. ಉಳಿದೆಲ್ಲ ದ್ರವ್ಯಗಳಿಗೂ ಇರಲು ಎಡೆಗೊಡುವುದೇ ಅದರ ಉಪಕಾರವೆಂದು ಆ ದರ್ಶನವು ಹೇಳುತ್ತದೆ. ನ್ಯಾಯವೈಶೇಷಿಕರು ಅಭಾವವನ್ನೂ ಪದಾರ್ಥಗಳಲ್ಲಿ ಎಣಿಸಿದರು. ನೆಲದ ಮೇಲೆ ಗಡಿಗೆಯಿಲ್ಲವೆಂಬುದೂ ಗಡಿಗೆಯಿದೆಯೆಂಬಂತೆಯೇ ಅರಿವಿಗೆ ವಿಷಯವಾಗತಕ್ಕ ಸಂಗತಿಯೆಂದರು. ಕುಮಾರಿಲಭಟ್ಟನ ಅನುಯಾಯಿಗಳು ಇಲ್ಲದುದನ್ನು ತಿಳಿಯುವುದಕ್ಕೆಂದೇ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದರು. ಬೌದ್ಧರಲ್ಲಿ ನಾಗಾರ್ಜುನನು ಯಾವ ವಸ್ತುವಿಗೂ ಪರರ ಹಂಗಿಲ್ಲದ ಸ್ವಭಾವವಿಲ್ಲವೆಂಬುದನ್ನೇ ಶೂನ್ಯತೆಯೆಂದು ಪ್ರತಿಪಾದಿಸಿದನು. ಪರಸ್ಪರ ಹೋರಾಡುತ್ತಿದ್ದ ಈ ದರ್ಶನಗಳೆಲ್ಲವೂ ಒಂದು ವಿಷಯದಲ್ಲಿ ಸಮಾನವಾದ ಧೈರ್ಯವನ್ನು ತೋರಿದುವು: ಇಲ್ಲವೆಂಬುದನ್ನು ಎದುರಿಗೆ ಕುಳ್ಳಿರಿಸಿಕೊಂಡು ಮಾತನಾಡಿಸಲು ಅವು ಹಿಂಜರಿಯಲಿಲ್ಲ.

ಪಶ್ಚಿಮದ ಸ್ಥಿತಿಯು ಬೇರೆಯಾಗಿತ್ತು. ನಿರ್ವಾತವಾದ ಬರಿದೆಡೆಯು ಇರಲಾರದೆಂದು ಅರಿಸ್ಟಾಟಲನು ವಾದಿಸಿದ್ದನು. ದೇವರು ಜಗತ್ತನ್ನು ಏನೂ ಇಲ್ಲದುದರಿಂದಲೇ ಸೃಷ್ಟಿಸಿದನೆಂದು ಕ್ರೈಸ್ತಮತವು ಸಾರುತ್ತಿದ್ದರೂ ಆ ಏನೂ ಇಲ್ಲದುದಕ್ಕೆ ಅದರ ಲೆಕ್ಕಿಗರ ಬಳಿಯಲ್ಲಿ ಒಂದು ಅಂಕವಿರಲಿಲ್ಲ. ಕ್ರಿಸ್ತನ ಜನನದಿಂದ ವರ್ಷಗಳನ್ನು ಎಣಿಸುವ ಕ್ರಮವನ್ನು 525ರಲ್ಲಿ ಹಾಕಿಕೊಟ್ಟ ಡಯೊನೀಸಿಯಸ್ ಎಂಬ ಸಂನ್ಯಾಸಿಯು, ಈಸ್ಟರ್ ಹಬ್ಬದ ದಿನವನ್ನು ನಿರ್ಣಯಿಸುವ ಕೋಷ್ಟಕದಲ್ಲಿ ಉಳಿದೆಡೆಗಳಲ್ಲೆಲ್ಲ ರೋಮನ್ ಅಂಕಗಳನ್ನು ಬರೆದು, ಶೇಷವು ಏನೂ ಇಲ್ಲದೆಡೆಯಲ್ಲಿ ಅಂಕವು ದೊರೆಯದೆ ಏನೂ ಇಲ್ಲವೆಂಬ ಲ್ಯಾಟಿನ್ ಮಾತನ್ನೇ ಬರೆದನು. ಕ್ರಿಸ್ತಪೂರ್ವ 1ನೆಯ ವರ್ಷ ಮುಗಿದೊಡನೆಯೇ ಕ್ರಿಸ್ತಶಕ 1 ಪ್ರಾರಂಭವಾಗುವುದಕ್ಕೂ, ನಡುವೆ ಶೂನ್ಯವರ್ಷವೊಂದಿಲ್ಲದಿರುವುದಕ್ಕೂ ಈ ಹಿನ್ನೆಲೆಯುಂಟು. ನಮ್ಮ ರಾಷ್ಟ್ರಕೂಟರ ಶಾಸನಗಳಾದರೋ ಶಕವರ್ಷಗಳಲ್ಲಿ ಕಳೆದುಹೋದುವೆಷ್ಟೆಂಬುದನ್ನು ಎಣಿಸುತ್ತಿದ್ದುವು. ಹಾಗೆ ಎಣಿಸುವವನಿಗೆ ಮೊದಲ ವರ್ಷವು ನಡೆಯುತ್ತಿರುವಾಗ ಕಳೆದುದು ಏನೂ ಇಲ್ಲವೆಂಬ ಅರಿವು ತಾನಾಗಿಯೇ ಬರುತ್ತದೆ. 662ರಲ್ಲಿ ಸಿರಿಯಾದ ಬಿಷಪ್ ಸೆವೆರಸ್ ಸೆಬೋಖ್ತನು ಭಾರತೀಯರ ಒಂಬತ್ತು ಅಂಕಗಳನ್ನು ಮನಸಾರೆ ಕೊಂಡಾಡಿದನು. ಅಲ್ ಖ್ವಾರಿಜ್ಮಿಯ ಗ್ರಂಥದ ಮೂಲಕವೂ, 1202ರಲ್ಲಿ ಪೀಸಾ ನಗರದ ಲಿಯೊನಾರ್ಡೊ ಬರೆದ ಪುಸ್ತಕದ ಮೂಲಕವೂ ಅವು ಯೂರೋಪನ್ನು ಮುಟ್ಟಿದುವು. ಹಾಗಿದ್ದರೂ 1299ರಲ್ಲಿ ಫ್ಲಾರೆನ್ಸಿನ ಹಣವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಈ ಹೊಸ ಅಂಕಗಳನ್ನು ಬರೆಯಕೂಡದೆಂದು ತನ್ನ ಸದಸ್ಯರಿಗೆ ವಿಧಿಸಿತು. ಈ ಅಂಕಗಳನ್ನು ತಿದ್ದುವುದು ಸುಲಭ. ಕಡೆಯಲ್ಲಿ ಒಂದು ಶೂನ್ಯವನ್ನು ಸೇರಿಸಿದರೆ ಹತ್ತು ನೂರಾಗುತ್ತದೆ. ಹಾಗೆ ತಿದ್ದಿ ಮೋಸಮಾಡಿಯಾರೆಂಬ ಭಯವು ಸಕಾರಣವಾದುದೇ. ಇಂದಿಗೂ ನಾವು ಚೆಕ್ಕಿನ ಮೇಲೆ ಮೊತ್ತವನ್ನು ಅಕ್ಷರಗಳಲ್ಲಿಯೂ ಬರೆಯುತ್ತೇವಷ್ಟೆ.

ಅಂಕವು ನೆರೆಯನ್ನು ನೆಚ್ಚಿ ನಿಲ್ಲುವುದನ್ನು ಕಾಣಲು ಫ್ಲಾರೆನ್ಸಿನವರೆಗೆ ಹೋಗಬೇಕಾದುದಿಲ್ಲ. ಕಲಬುರಗಿಯಿಂದ ಈಶಾನ್ಯಕ್ಕೆ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಕೆಂಪುಬಾಳೆಗೆ ಹೆಸರಾಗಿ ಭೌಗೋಳಿಕ ಗುರುತನ್ನೂ ಪಡೆದಿರುವ ಈ ಊರಿನಲ್ಲಿ ಹಣ್ಣನ್ನು ಡಜನ್ನಿನ ಲೆಕ್ಕದಲ್ಲಿ ಮಾರುತ್ತಾರೆ. ಹತ್ತು ಡಜನ್ ಎಂದು ಮಾರುವವನು ಚೀಟಿಯ ಮೇಲೆ ಬರೆಯುವುದು ಒಂದು ಮತ್ತು ಶೂನ್ಯವನ್ನು ಮಾತ್ರ; ಕೊಳ್ಳುವವನ ಬುಟ್ಟಿಗೆ ಬೀಳುವುದು ನೂರಿಪ್ಪತ್ತು ಹಣ್ಣು. ಅಂಕವು ತನ್ನ ಬೆಲೆಗಾಗಿ ಬಲಗಡೆಯ ಶೂನ್ಯವನ್ನು, ಅವೆರಡೂ ತಮ್ಮ ಬೆಲೆಗಾಗಿ ಮುಂದಿನ ಮಾನವನ್ನು ನೆಚ್ಚಿ ನಿಲ್ಲುತ್ತವೆ. ನಂಬಿಕೆಯ ಈ ಸರಪಳಿಯಲ್ಲಿ ಯಾವ ಕೊಂಡಿಯೂ ತನ್ನಷ್ಟಕ್ಕೆ ಪೂರ್ಣವಲ್ಲ. ಇದೇ ಹೆದ್ದಾರಿಯನ್ನು ಹಿಡಿದು ಹುಮನಾಬಾದನ್ನು ಮುಟ್ಟಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದವನು ಬಸವಕಲ್ಯಾಣವನ್ನು ಸೇರುತ್ತಾನೆ. ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನು ಸ್ಥಾಪಿಸಿ ಅದರ ಮೇಲೆ ಅಲ್ಲಮಪ್ರಭುವನ್ನು ಕುಳ್ಳಿರಿಸಿದರೆಂದು ಶರಣಪರಂಪರೆಯು ನಂಬುವ ಕಲ್ಯಾಣವದು.

ಅಲ್ಲಮನ ಶೂನ್ಯವೂ ಮಹಾವೀರನ ಶೂನ್ಯವೂ ಒಂದೇ ಎಂದು ಹೇಳಿಬಿಡುವುದು ಸುಲಭ, ಹಾಗೆ ಹೇಳಬಾರದು. ಅಂಕಗಣಿತದ ಶೂನ್ಯವು ಎಣಿಕೆಯ ಒಂದು ಉಪಾಯ. ಅಲ್ಲಮನು ಬಯಲೆಂದೂ ಶೂನ್ಯವೆಂದೂ ಕರೆದದ್ದು ಎಣಿಕೆಯೇ ನಿಲ್ಲುವ ಅನುಭವದ ನೆಲೆ. ಎರಡಿಲ್ಲದೆಡೆಯಲ್ಲಿ ಒಂದೆಂಬ ಮಾತಿಗೂ ಅವಕಾಶವಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲ ಶೂನ್ಯಸಂಪಾದನೆಯನ್ನು ಜೋಡಿಸಿದಾಗ, ಶೂನ್ಯವನ್ನು ಸಂಪಾದಿಸುವುದೆಂಬ ಆ ವಿಲಕ್ಷಣವಾದ ಸಾಧನೆಯನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಬದಿಗೆ ಬರೆಯಬೇಕೆಂದು ಯಾವ ಗಣಕನೂ ಹೇಳಲಾರನಾಗಿದ್ದನು. ಆದರೂ ಈ ಎರಡು ಶೂನ್ಯಗಳಿಗೆ ಒಂದು ನಂಟುಂಟೆಂದು ನಾನು ನಂಬುತ್ತೇನೆ. ಆ ನಂಟನ್ನು ತತ್ತ್ವಗ್ರಂಥಗಳಿಗಿಂತಲೂ ಸ್ಪಷ್ಟವಾಗಿ ತೋರಿಸುವುದು ಕಲಬುರಗಿಯ ಶರಣಬಸವೇಶ್ವರರ ಜೀವನ. ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ, ಕಲಬುರಗಿಯಲ್ಲಿ ನೆಲಸಿ, 1822ರಲ್ಲಿ ಲಿಂಗೈಕ್ಯರಾದ ಆ ಮಹಾತ್ಮರು ಬೆಳೆದುದನ್ನು ತಮ್ಮದೆನ್ನದೆ, ಬಂದವರ ಕುಲವನ್ನು ಕೇಳದೆ, ದಾಸೋಹವನ್ನು ನಡೆಸಿದರು. ಹೊಲದ ಕಾಳನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ದಾಸೋಹಿಯಾದವನು ತನಗಾಗಿ ಯಾವ ಬೆಲೆಯನ್ನೂ ಇಟ್ಟುಕೊಳ್ಳದೆ ಇನ್ನೊಬ್ಬನ ಪಕ್ಕದಲ್ಲಿ ನಿಲ್ಲುತ್ತಾನೆ; ಹಾಗೆ ನಿಂತ ಮಾತ್ರದಿಂದ ಆ ಇನ್ನೊಬ್ಬನ ಬದುಕು ಹತ್ತು ಮಡಿ ದೊಡ್ಡದಾಗುತ್ತದೆ. ಮಹಾಮನೆಯ ಪಂಕ್ತಿಯಲ್ಲಿ ಕುಳಿತವರಾರೂ ಮೊದಲು ಬಂದುದರಿಂದ ಮತ್ತೊಬ್ಬರನ್ನು ಕುಂದಿಸುವುದಿಲ್ಲ; ಬಡಿಸುವವನಾದರೋ ಎಣಿಕೆಯಲ್ಲಿಯೇ ಸೇರಿರುವುದಿಲ್ಲ.

ಒಂದು ಆಕ್ಷೇಪವು ಉಳಿಯುತ್ತದೆ. ಶೂನ್ಯವು ಅಂಕದ ಎಡಕ್ಕೆ ನಿಂತರೆ ನಿಷ್ಫಲ. ಒಂಟಿಯಾಗಿ ನಿಂತರೂ ಅದರಿಂದ ಏನೂ ಆಗದು. ತನ್ನನ್ನು ಇಲ್ಲವಾಗಿಸಿಕೊಂಡವನ ತ್ಯಾಗಕ್ಕೂ ಎದುರಿಗೆ ಒಂದು ಇರುವಿಕೆ ಬೇಕೇ ಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲವೇ? ಸಿದ್ಧವಾಗುತ್ತದೆ, ಮತ್ತು ಅದು ಸರಿಯಾದ ಮಾತೂ ಹೌದು. ಊಟಕ್ಕೆ ಬರುವವರಿಲ್ಲದ ದಾಸೋಹಕ್ಕೆ ಅರ್ಥವಿಲ್ಲ. ಜಂಗಮವಿಲ್ಲದ ಸ್ಥಾವರವನ್ನು ಶರಣರು ಮನ್ನಿಸಲಿಲ್ಲ. ಎದೆಯೊಳಗಿನ ಬರಿದನ್ನೇ ಮೆಚ್ಚಿಕೊಂಡು ಲೋಕದಿಂದ ಬೇರೆಯಾಗಿ ಕುಳಿತ ವೈರಾಗ್ಯವು ಎಡಕ್ಕೆ ಬರೆದ ಶೂನ್ಯಕ್ಕೆ ಸಮಾನವಾದುದೆಂದು ಹೇಳಲು ನಾನು ಅಂಜುವುದಿಲ್ಲ.

ರೋಮನ್ ಸಂಖ್ಯೆಗಳನ್ನು ಕಲಿಯುವುದು ವ್ಯರ್ಥವೆಂಬುದು ನನ್ನ ಅಭಿಪ್ರಾಯವಲ್ಲ. ಅರಸರ ಹೆಸರುಗಳ ಮುಂದೆ, ಗ್ರಂಥಗಳ ಅಧ್ಯಾಯಗಳಲ್ಲಿ, ಅಡಿಗಲ್ಲುಗಳ ಮೇಲೆ ಅವು ಇಂದಿಗೂ ಶೋಭಿಸುತ್ತವೆ. ಶಾಲೆಯ ಪ್ರಶ್ನಪತ್ರಿಕೆಗಳ ಮುಖ್ಯಭಾಗಗಳನ್ನು ಸೂಚಿಸುವುದೂ ಅವುಗಳಿಂದಲೇ. ನನ್ನ ಕೋರಿಕೆ ಇಷ್ಟೇ. ಕಮಲಾಪುರದ ಶಾಲೆಯಲ್ಲಾಗಲಿ ಕಲಬುರಗಿಯ ಶಾಲೆಯಲ್ಲಾಗಲಿ ಗುರುಗಳು ಈ ಪಾಠವನ್ನು ಮುಗಿಸುವ ದಿನ ಹಲಗೆಯ ಮೇಲೆ 207 ಎಂದು ಬರೆದು, ಅದರ ಕೆಳಗೆ ಸಿ, ಸಿ, ವಿ, ಐ, ಐ ಎಂದು ಬರೆಯಲಿ. ಎರಡೂ ಇನ್ನೂರೇಳೇ. ಮೇಲಿನದರಲ್ಲಿ ಹತ್ತುಗಳು ಇಲ್ಲವೆಂಬುದನ್ನು ಒಂದು ಚಿಹ್ನೆಯು ಕುಳಿತು ಹೇಳುತ್ತಿದೆ. ಕೆಳಗಿನದರಲ್ಲಿ ಅವು ಇಲ್ಲವೆಂಬ ಸುದ್ದಿಯೇ ಇಲ್ಲದೆ ನೂರುಗಳ ಮಗ್ಗುಲಲ್ಲಿಯೇ ಐದು ಬಂದು ನಿಂತಿದೆ. ಇಲ್ಲದವರಿಗೂ ಒಂದು ಎಡೆಯನ್ನು ಕಾದಿರಿಸಿದ ಬರಹ ಇವೆರಡರಲ್ಲಿ ಯಾವುದೆಂದು ಮಕ್ಕಳನ್ನು ಕೇಳಿ, ಅವರು ಕೊಡುವ ಉತ್ತರವನ್ನು ಅವರದೇ ಮಾತಿನಲ್ಲಿ ಬರೆಯಿಸಲಿ.